ಗರ್ಭಿಣಿಯರು ಮತ್ತು ಲೋಹಗಳ ಸಂಪರ್ಕ: ಅಲರ್ಜಿ ಯಾವುದು, ವಿಷಬಾಧೆ ಯಾವುದು

ಪಾಂಡವಪುರ ಉಪವಿಭಾಗದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಲೋಹವು ಗರ್ಭಿಣಿಯನ್ನು ಎರಡು ಬಗೆಯಲ್ಲಿ ಬಾಧಿಸಬಲ್ಲದು. ಚರ್ಮಕ್ಕೆ ತಗುಲಿ ಅಲರ್ಜಿ ಉಂಟುಮಾಡುವುದು ಒಂದು. ದೇಹವನ್ನು ಸೇರಿ ವಿಷವಾಗುವುದು ಮತ್ತೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ತುರಿಸುತ್ತದೆ, ಆದ್ದರಿಂದ ಮನೆಯವರ ಗಮನಕ್ಕೆ ಬೇಗ ಬರುತ್ತದೆ. ಎರಡನೆಯದಕ್ಕೆ ಹೊರಗಿನ ಗುರುತೇ ಇಲ್ಲದಿರಬಹುದು.

ಅಲರ್ಜಿಗೆ ಮುಖ್ಯ ಕಾರಣ ನಿಕ್ಕಲ್. ಸೀಮಂತಕ್ಕೆ ಕೊಂಡ ಅಗ್ಗದ ಸರ, ಓಲೆ, ಸೇಫ್ಟಿ ಪಿನ್ನು, ಬೆಳ್ಳಿಯ ಲೇಪನವಷ್ಟೇ ಇರುವ ಕಾಲುಂಗುರಗಳಲ್ಲಿ ಇದು ಇರಬಹುದು. ಬೆವರಿಗೆ ನಿಕ್ಕಲ್ ಕರಗಿ ಚರ್ಮವನ್ನು ಸೇರುತ್ತದೆ. ಪ್ರತಿಕ್ರಿಯೆ ಕೂಡಲೇ ಕಾಣದೆ ಒಂದೆರಡು ದಿನ ಕಳೆದು ಕಾಣುವುದರಿಂದ, ಒಡವೆಯನ್ನು ಬಿಟ್ಟು ಅಂದು ಉಂಡ ಬದನೆಕಾಯಿಯ ಮೇಲೆ ದೂರು ಬೀಳುವುದುಂಟು. ಒಡವೆ ತಾಗಿದ ಜಾಗದಲ್ಲೇ ಗುಳ್ಳೆಗಳಿದ್ದರೆ ಅದನ್ನು ತೆಗೆದಿಡುವುದೇ ಮೊದಲ ಚಿಕಿತ್ಸೆ. ಯುರೋಪಿನ ದೇಶಗಳು 1990ರ ದಶಕದಲ್ಲಿ ಒಡವೆಯಿಂದ ಹೊರಬೀಳುವ ನಿಕ್ಕಲ್‌ಗೆ ಮಿತಿ ವಿಧಿಸಿದ ಬಳಿಕ ಅಲ್ಲಿನ ಯುವತಿಯರಲ್ಲಿ ಈ ಅಲರ್ಜಿ ಇಳಿಮುಖವಾಯಿತು. ಸಿಮೆಂಟಿನಲ್ಲಿರುವ ಕ್ರೋಮಿಯಂ ಕೂಡ ಇಂತಹದೇ ಬಾಧೆ ತರುತ್ತದೆ. ಪಂಚಾಯಿತಿ ಕಾಮಗಾರಿಗಳಲ್ಲಿ ಗರ್ಭಿಣಿಯರಿಗೆ ಸಿಮೆಂಟ್ ಕಲಸುವ ಕೆಲಸ ಹಚ್ಚಬಾರದು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಗರ್ಭದ ಕೊನೆಯ ತಿಂಗಳುಗಳಲ್ಲಿ ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ತುರಿಸಿ, ರಾತ್ರಿ ಹೆಚ್ಚಾದರೆ ಅದನ್ನು ಅಲರ್ಜಿಯೆಂದು ಮುಲಾಮು ಕೊಟ್ಟು ಕಳುಹಿಸಕೂಡದು. ಯಕೃತ್ತಿನಿಂದ ಪಿತ್ತರಸದ ಹರಿವು ಕುಂಠಿತವಾದಾಗ ಹೀಗಾಗುತ್ತದೆ. ಅದು ತೀವ್ರವಾದರೆ ಮಗು ಗರ್ಭದಲ್ಲೇ ಸಾಯುವ ಅಪಾಯವಿದೆ. ಅಂಥವರನ್ನು ಅದೇ ದಿನ ವೈದ್ಯರ ಬಳಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.

ವಿಷಗಳಲ್ಲಿ ಸೀಸವೇ ಮುಖ್ಯವಾದುದು. ನಾಗಮಂಗಲಕ್ಕೆ ಲೋಹದ ಎರಕದಲ್ಲಿ ಹಳೆಯ ಹೆಸರಿದೆ. ಹಿತ್ತಾಳೆ, ಕಂಚುಗಳಲ್ಲಿ ಸೀಸ ಬೆರೆತಿರುವುದುಂಟು. ಹಳೆಯ ಲೋಹ ಕರಗಿಸುವವರ, ಬ್ಯಾಟರಿ ಬಿಚ್ಚುವವರ ಬಟ್ಟೆಯ ಧೂಳು ಮನೆಯ ಬಸುರಿಯನ್ನೂ ಮುಟ್ಟುತ್ತದೆ. ಕಲಾಯಿಯ ತವರಕ್ಕೆ ಸೀಸ ಬೆರೆಸಿದ್ದರೆ ಆ ಪಾತ್ರೆಯ ಹುಣಸೆ ಸಾರು ಸುರಕ್ಷಿತವಲ್ಲ. ಬಣ್ಣಕ್ಕಾಗಿ ಸೀಸದ ಸಂಯುಕ್ತ ಬೆರೆಸಿದ ಅರಿಶಿನ, ಕುಂಕುಮಗಳೂ ಇವೆ. ಬಯಕೆಯ ಹೆಸರಿನಲ್ಲಿ ಬಳಪ, ಮಣ್ಣು ತಿನ್ನುವುದನ್ನು ನಗುತ್ತಾ ಬಿಟ್ಟುಬಿಡುವ ರೂಢಿಯೂ ಸರಿಯಲ್ಲ. ಅದು ಹೆಚ್ಚಾಗಿ ರಕ್ತಹೀನತೆಯ ಸೂಚನೆ.

ವರ್ಷಗಳ ಹಿಂದೆ ಒಳಹೊಕ್ಕ ಸೀಸ ಮೂಳೆಯಲ್ಲಿ ಉಳಿದಿರುತ್ತದೆ. ಮಗುವಿಗಾಗಿ ತಾಯಿಯ ಮೂಳೆಯಿಂದ ಸುಣ್ಣದ ಅಂಶ ಹೊರಬರುವಾಗ ಸೀಸವೂ ಜೊತೆಗೆ ಹೊರಟು ಮಾಸುವನ್ನು ದಾಟುತ್ತದೆ. ಗರ್ಭಿಣಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದರೆ ಮೂಲವನ್ನು ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದಲ್ಲಿ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಲೋಹದ ಭಯದಿಂದ ಕಬ್ಬಿಣಾಂಶದ ಮಾತ್ರೆ ಬಿಡುವುದು ತದ್ವಿರುದ್ಧ ಫಲ ಕೊಡುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಅಲರ್ಜಿಯಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಬೇರೆ ಹೊತ್ತಿನಲ್ಲಿ ನುಂಗಬೇಕು.

ತಾಯಿಯ ರಕ್ತದ ಲೋಹಗಳಿಂದ ಮಗುವಿಗೆ ಮುಂದೆ ಉಬ್ಬಸ, ಇಸುಬು ಬರುವುದೇ ಎಂಬ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿದ್ದರೂ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಸೀಸದಿಂದ ಮಗುವಿನ ಮೆದುಳಿಗಾಗುವ ಹಾನಿಯ ವಿಷಯದಲ್ಲಿ ಅಂಥ ಸಂದೇಹವಿಲ್ಲ.

ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಪತಿಯ ಕಸುಬು, ಕಲಾಯಿ ಪಾತ್ರೆ, ಬಳಪದ ಅಭ್ಯಾಸಗಳನ್ನು ಕೇಳಿ ತಾಯಿ ಕಾರ್ಡಿನಲ್ಲಿ ಬರೆದು, ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಯಲ್ಲಿ ವೈದ್ಯರಿಗೆ ತೋರಿಸತಕ್ಕದ್ದು. ಅಂಗೈ ತುರಿಕೆಯ ಗರ್ಭಿಣಿಯನ್ನು ಆ ದಿನದವರೆಗೆ ಕಾಯಿಸತಕ್ಕದ್ದಲ್ಲ.