ಸ್ಲೋದಲ್ಲಿ ಆಫ್ ಆಗುವ ಗಾಡಿ

ಮಗಾ, ಗಾಡಿ ನಿಲ್ಲಿಸಿದಲ್ಲೇ ಆಫ್ ಆಗುತ್ತದೆ ಅಂದೆಯಲ್ಲ, ದುಡ್ಡು ಬಿಚ್ಚುವ ಮೊದಲು ನನ್ನ ಮಾತು ಸ್ವಲ್ಪ ಕೇಳು. ಬಾನೆಟ್ ಎತ್ತಿದ ಕೂಡಲೇ ಸ್ಕ್ರೂ ತಿರುಗಿಸಿ ಸ್ಲೋ ಜಾಸ್ತಿ ಮಾಡಿಕೊಡುವವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಆಫ್ ಆಗುವುದೇನೋ ನಿಲ್ಲುತ್ತದೆ. ಆದರೆ ಕಾಯಿಲೆ ಒಳಗೇ ಉಳಿಯುತ್ತದೆ, ಪೆಟ್ರೋಲ್ ಸುಮ್ಮನೆ ಉರಿಯುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ. ಅಂಥ ರಿಪೇರಿಗೆ ಹತ್ತು ರೂಪಾಯಿಯೂ ಕೊಡಬೇಡ.

ಮೊದಲು ನೋಡಬೇಕಾದ್ದು ಯಾವಾಗ ಆಫ್ ಆಗುತ್ತದೆ ಎನ್ನುವುದನ್ನು. ಬೆಳಿಗ್ಗೆ ತಣ್ಣಗಿರುವಾಗಲೋ? ಆನೆಕಾಡು ದಾಟಿ ಬಿಸಿಯಾಗಿ ಬಂದು, ಸುಂಟಿಕೊಪ್ಪ ಪೇಟೆಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗಲೋ? ಎ.ಸಿ. ಹಾಕಿದಾಗಲೋ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೋ, ಮಳೆ ಹಿಡಿದಾಗ ಮಾತ್ರವೋ? ಒಂದು ವಾರ ಗಮನಿಸಿ ಚೀಟಿಯಲ್ಲಿ ಬರೆದಿಡು. ಒಳ್ಳೆಯ ಮೆಕ್ಯಾನಿಕ್‌ಗೆ ಆ ಚೀಟಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ರೋಡಿನಲ್ಲಿ ಕುದುರೆಯ ಹಾಗೆ ಓಡುವ ಗಾಡಿ ನಿಂತಾಗ ಯಾಕೆ ಸಾಯುತ್ತದೆ ಅಂತ ನಿನಗೆ ಆಶ್ಚರ್ಯ. ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ. ಎಂಜಿನ್‌ಗೆ ಗಾಳಿ ಹೋಗುವುದು ಕೂದಲೆಳೆಯಷ್ಟು ಸಂದಿನಲ್ಲಿ, ಇಲ್ಲವೆ ಪಕ್ಕದ ಸಣ್ಣ ದಾರಿಯಲ್ಲಿ. ಅಲ್ಲಿ ಸ್ವಲ್ಪ ಮಸಿ ಕೂತರೂ ಸಾಕು. ರೇಸ್ ಕೊಟ್ಟಾಗ ತಟ್ಟೆ ಅಗಲವಾಗಿ ತೆರೆದಿರುತ್ತದೆ, ಆ ಮಸಿ ಲೆಕ್ಕಕ್ಕೇ ಬರುವುದಿಲ್ಲ. ಪೈಪಿನಲ್ಲಿ ಸೀಳು ಬಿಟ್ಟು ಕಳ್ಳಗಾಳಿ ಒಳಗೆ ಹೋಗುತ್ತಿದ್ದರೂ ಇದೇ ಕತೆ. ಓಡುವಾಗ ತಿಳಿಯುವುದಿಲ್ಲ, ನಿಂತಾಗ ಎಂಜಿನ್ ನಡುಗಿ ಆಫ್ ಆಗುತ್ತದೆ.

ನಮ್ಮ ಕಡೆ ಆ ಸೀಳು ಮಾಡುವವರು ಹೆಚ್ಚಾಗಿ ಇಲಿಗಳು. ಮಳೆಗಾಲದಲ್ಲಿ ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯ ಬಾನೆಟ್ಟಿನೊಳಗೆ ಅವಕ್ಕೆ ಬೆಚ್ಚಗಿನ ಮನೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡು, ಒಣಗಿದ ಎಲೆ, ಹೊಟ್ಟು, ಹಿಕ್ಕೆ ಇದ್ದರೆ ಅನುಮಾನವೇ ಬೇಡ. ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ ಅಡಿಭಾಗ ನೋಡು, ಕಡಿದಿರುವುದು ಸಾಮಾನ್ಯವಾಗಿ ಅಲ್ಲೇ. ಎಂಜಿನ್ ಸ್ಲೋದಲ್ಲಿರುವಾಗ ಒಂದು ಮೊಳ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಜಾಯಿಂಟುಗಳ ಸುತ್ತ ಆಡಿಸು. ಫ್ಯಾನು, ಬೆಲ್ಟಿನ ಹತ್ತಿರ ಮಾತ್ರ ಹೋಗಬೇಡ. ‘ಸ್ಸ್’ ಅಂದ ಜಾಗವೇ ಕಳ್ಳ. ಬಿಸಿ ಎಂಜಿನ್ ಮೇಲೆ ಸ್ಪ್ರೇ ಹೊಡೆದು ಹುಡುಕುವವರಿದ್ದಾರೆ, ಬೆಂಕಿ ಹತ್ತಿದರೆ ಗಾಡಿಯೇ ಹೋಗುತ್ತದೆ. ಇದನ್ನೆಲ್ಲ ಅಂಗಳದಲ್ಲಿ ಮಾಡು. ಹೊರಗೆ ಮಳೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡ, ಆ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಮಳೆಯಲ್ಲಿ ಮಾತ್ರ ತೊಂದರೆ ಅನ್ನುವುದಾದರೆ ಕರೆಂಟಿನ ಕಡೆ ನೋಡು. ಹಳೇ ಮಾರುತಿ 800ರಲ್ಲಿ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿದರೆ ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿ ಹರಿಯುವುದು ಕಣ್ಣಿಗೇ ಕಾಣುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ತೇವದಲ್ಲಿ ಸೋರಿಹೋಗುತ್ತಿತ್ತು. ವೈರು ಬದಲಿಸಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಣಗಿಸಿ ಒರೆಸಿದರೆ ಮುಗಿಯಿತು. ಈಗಿನ ಗಾಡಿಗಳಲ್ಲಿ ಆ ಕ್ಯಾಪೂ ಇಲ್ಲ, ಉದ್ದ ವೈರೂ ಇಲ್ಲ. ಕಾಯಿಲ್ ಬಿರುಕು ಬಿಟ್ಟರೆ ಮಾತ್ರ ಅದೇ ಆಟ.

ಕಾರ್ಬುರೇಟರ್ ಕಾಲದ ಇನ್ನೊಂದು ತಮಾಷೆ ಹೇಳುತ್ತೇನೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಸಂಪಾಜೆ ಹತ್ತಿ ಮಡಿಕೇರಿಗೆ ಬಂದರೆ ಕಪ್ಪು ಹೊಗೆ ಬಿಟ್ಟು ಸ್ಲೋದಲ್ಲಿ ಆಫ್. ಅಲ್ಲಿ ಸಮುದ್ರ ಮಟ್ಟ, ಇಲ್ಲಿ ಸುಮಾರು 1,150 ಮೀಟರ್. ಗಾಳಿ ತೆಳುವಾಗಿರುವುದು ಕಾರ್ಬುರೇಟರಿಗೆ ಗೊತ್ತಾಗದೆ ಕೆಳಗಿನ ಅಳತೆಯಲ್ಲೇ ಪೆಟ್ರೋಲ್ ಸುರಿಯುತ್ತದೆ. ಮನೆಯಲ್ಲಿ ಹಳೇ ಓಮ್ನಿ ಇದ್ದರೆ ಅದರ ಟ್ಯೂನಿಂಗು ಈ ಎತ್ತರದಲ್ಲೇ ಆಗಬೇಕು. ನಿನ್ನದು ಇಂಜೆಕ್ಷನ್ ಗಾಡಿ, ಸೆನ್ಸರ್ ನೋಡಿಕೊಳ್ಳುತ್ತದೆ.

ನಿನ್ನ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಥ್ರಾಟಲ್ ಬಾಡಿಯ ಮಸಿ, ಆಮೇಲೆ ಐಡಲ್ ವಾಲ್ವ್, ಆಮೇಲೆ ಪ್ಲಗ್ಗು. ಮಸಿಯನ್ನು ಕೀ ಆಫ್ ಮಾಡಿ, ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡ, ಒಳಗಿನ ಗೇರು ಹಾಳಾಗುತ್ತದೆ. ಒರೆಸಿದ ಮೇಲೆ, ಅಥವಾ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ, ಸ್ಲೋ ಸ್ವಲ್ಪ ಹೊತ್ತು ಏರುಪೇರಾಗುವುದುಂಟು. ಕಂಪ್ಯೂಟರ್ ಹೊಸದಾಗಿ ಕಲಿಯುತ್ತಿರುತ್ತದೆ, ಕೆಲವು ಗಾಡಿಗೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಎಂಜಿನ್ ದೀಪ ಹತ್ತಿದ್ದರೆ ಮೊದಲು ಸ್ಕ್ಯಾನ್ ಮಾಡಿಸು. ಸ್ಕ್ಯಾನರ್ ಒಂದು ಸೆನ್ಸರ್ ಹೆಸರು ಹೇಳಿತು ಅಂತ ಸೀದಾ ಅದನ್ನೇ ಬದಲಿಸಬೇಡ, ಪೈಪು ಹರಿದಿದ್ದರೂ ಅದು ಸೆನ್ಸರನ್ನೇ ದೂರುತ್ತದೆ.

ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಪೆಟ್ರೋಲನ್ನೂ ಅನುಮಾನಿಸು. ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅದಕ್ಕೆ ನೀರು ಹೀರುವ ಗುಣ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದೂ ತಳದಿಂದಲೇ.

ರಿಪೇರಿ ಆಗುವ ತನಕ ಸಂಪಾಜೆ ಘಾಟಿ ಇಳಿಯಬೇಡ. ಎಂಜಿನ್ ನಿಂತರೆ ಬ್ರೇಕಿಗೆ ಬೂಸ್ಟರಿನ ಬಲ ಒಂದೆರಡು ಸಲಕ್ಕೆ ಮಾತ್ರ, ಆಮೇಲೆ ಪೆಡಲ್ ಕಲ್ಲು. ಸ್ಟಿಯರಿಂಗೂ ಭಾರ. ಎಲ್ಲಾದರೂ ಹಾಗಾದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮ ಗಟ್ಟಿಯಾಗಿ ತುಳಿ, ಗೇರಿನಲ್ಲೇ ಇರು, ಗಾಡಿ ಓಡುತ್ತಿರುವಾಗ ಕೀ ಹೊರಗೆ ಎಳೆಯಬೇಡ, ಸ್ಟಿಯರಿಂಗ್ ಲಾಕ್ ಆಗುತ್ತದೆ.

ಇನ್ನೊಂದು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಆಫ್ ಆಗುತ್ತದೆ ಅಂತಾದರೆ ಗಾಡಿಯನ್ನು ಬೆಳಿಗ್ಗೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡ. ಅಲ್ಲಿ ತಲುಪುವಾಗ ಬಿಸಿಯಾಗಿ ಸಾಧುವಾಗಿರುತ್ತದೆ, ‘ಏನೂ ತೊಂದರೆ ಇಲ್ಲವಲ್ಲ’ ಅನ್ನುತ್ತಾರೆ. ಹಿಂದಿನ ಸಂಜೆಯೇ ಚೀಟಿ ಸಮೇತ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಾ, ಮೊದಲ ಸೆಲ್ಫ್ ಮೆಕ್ಯಾನಿಕ್ಕೇ ಹೊಡೆಯಲಿ.