ಬರಹದ ಏಕರೂಪತೆ ಮತ್ತು ಆವೃತ್ತಿ ನಿಯಂತ್ರಣ: ಆಡುನುಡಿಯ ಪದಸಂಗ್ರಹಕ್ಕೊಂದು ಕ್ರಮ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಹಲವು ದೇವಾಂಗ ನೇಕಾರ ಕುಟುಂಬಗಳಲ್ಲಿ ಕನ್ನಡವು ತಲೆಮಾರುಗಳಿಂದ ಮನೆಮಾತಾಗಿ ಉಳಿದುಬಂದಿದೆ. ಓದುಬರಹವೂ ಪೇಟೆಯ ವ್ಯವಹಾರವೂ ಹೆಚ್ಚಾಗಿ ತಮಿಳಿನಲ್ಲಿ ನಡೆಯುವುದರಿಂದ ಈ ನುಡಿ ಬರಹಕ್ಕಿಳಿದುದು ಕಡಿಮೆ. ಆದುದರಿಂದ ಹಿರಿಯರ ಮಾತನ್ನು ಕೇಳಿ ಪದಗಳನ್ನು ಸಂಗ್ರಹಿಸುವ ಕಾರ್ಯಕ್ಕೆ ವಿಶೇಷ ಮಹತ್ತ್ವವಿದೆ. ಆದರೆ ಹಲವು ವಿದ್ಯಾರ್ಥಿಗಳು ತಮ್ಮ ತಮ್ಮ ಗಣಕಗಳಲ್ಲಿ ಬರೆದುದನ್ನು ಒಂದುಗೂಡಿಸುವಾಗ, ತಂತ್ರಾಂಶ ರಚಿಸುವವರಿಗೆ ಚಿರಪರಿಚಿತವಾದ ತೊಡಕೊಂದು ಎದುರಾಗುತ್ತದೆ. ಕಣ್ಣಿಗೆ ಒಂದೇ ಆಗಿ ತೋರುವ ಬರಹವು ಯಂತ್ರಕ್ಕೆ ಬೇರೆಯಾಗಿರುತ್ತದೆ.

‘ಕೋವೈ’ ಎಂಬ ಪದವನ್ನೇ ನೋಡಬಹುದು. ಯೂನಿಕೋಡ್‌ನಲ್ಲಿ ಇದರ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು; ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂಬ ಮೂರು ಸಂಕೇತಗಳಾಗಿಯೂ ಇಡಬಹುದು. ಎರಡೂ ಸಮಾನವೆಂದು ಯೂನಿಕೋಡ್ ವಿಧಿಸಿದೆ. ಆದರೂ ಸಂಕೇತಗಳನ್ನಷ್ಟೇ ಹೋಲಿಸುವ ಹುಡುಕಾಟದಲ್ಲಿ ಒಂದು ರೂಪ ಸಿಕ್ಕರೆ ಇನ್ನೊಂದು ತಪ್ಪಿಹೋಗುತ್ತದೆ. ಸಾಲಿನ ಅಂತ್ಯವೂ ಹೀಗೆಯೇ: ಅದನ್ನು ವಿಂಡೋಸ್ ವಾಡಿಕೆಯಾಗಿ ಎರಡು ಸಂಕೇತಗಳಿಂದ ಗುರುತಿಸಿದರೆ ಲಿನಕ್ಸ್ ಒಂದರಿಂದ ಗುರುತಿಸುತ್ತದೆ. ಒಂದೇ ಪದವನ್ನು ತಿದ್ದಿದ್ದರೂ ಕಡತದ ಪ್ರತಿ ಸಾಲೂ ಬದಲಾದಂತೆ ತೋರುವುದು ಈ ಕಾರಣದಿಂದ.

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್, ಯಾರು ಯಾವಾಗ ಏನನ್ನು ತಿದ್ದಿದರೆಂಬುದನ್ನು ದಾಖಲಿಸುವ ಆವೃತ್ತಿ ನಿಯಂತ್ರಣ ವ್ಯವಸ್ಥೆ. ಸಾಲಿನ ಅಂತ್ಯದ ನಿಯಮವನ್ನು ಅದರಲ್ಲಿ ಎರಡು ಕಡೆ ಇಡಬಹುದು. ವೈಯಕ್ತಿಕ ಸಂಯೋಜನೆಯಲ್ಲಿ ಇಟ್ಟರೆ ಅದು ಆ ಒಂದು ಗಣಕಕ್ಕಷ್ಟೇ ಅನ್ವಯಿಸುತ್ತದೆ. ‘ಗಿಟ್‌ಆಟ್ರಿಬ್ಯೂಟ್ಸ್’ ಎಂಬ ಕಡತದಲ್ಲಿ ಬರೆದು ಸಂಗ್ರಹದೊಳಗೇ ಸೇರಿಸಿದರೆ, ಪ್ರತಿ ಪಡೆದವರೆಲ್ಲರಿಗೂ ನಿಯಮವು ಬರಹದ ಜೊತೆಯಲ್ಲಿಯೇ ತಲುಪುತ್ತದೆ. ಸಾಮೂಹಿಕ ಕಾರ್ಯಕ್ಕೆ ಎರಡನೆಯದೇ ಉಚಿತ. ಹಳೆಯ ಕಡತಗಳನ್ನು ಈ ನಿಯಮಕ್ಕೆ ಹೊಂದಿಸುವ ಬದಲಾವಣೆಯನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಇಲ್ಲವಾದರೆ ಪದಗಳ ನಿಜವಾದ ತಿದ್ದುಪಡಿಗಳು ಅದರಲ್ಲಿ ಮುಚ್ಚಿಹೋಗುತ್ತವೆ.

ಸಾಲಿನ ನಿಯಮವು ಸ್ವರಚಿಹ್ನೆಗಳನ್ನು ಸರಿಪಡಿಸದು. ಅದಕ್ಕೆ ಪ್ರತ್ಯೇಕ ತಪಾಸಣಾ ಕ್ರಮವಿಧಿ ಬೇಕು. ದಾಖಲಿಸುವ ಮುನ್ನ ತಾನಾಗಿ ನಡೆಯುವಂತೆ ಅದನ್ನು ಗಿಟ್‌ನ ‘ಹುಕ್’ ಆಗಿ ಜೋಡಿಸಬಹುದು. ಆದರೆ ಹುಕ್‌ಗಳು ಸಂಗ್ರಹದ ಪ್ರತಿಯೊಂದಿಗೆ ತಾವಾಗಿ ಬರುವುದಿಲ್ಲ. ಅವನ್ನು ಬಳಸದೆ ದಾಟಿಹೋಗಲೂ ಸಾಧ್ಯ. ಆದ್ದರಿಂದ ಎಲ್ಲರ ಬರಹವೂ ಬಂದು ಸೇರುವ ಕೇಂದ್ರ ಸಂಗ್ರಹದಲ್ಲಿಯೂ ಅದೇ ತಪಾಸಣೆ ನಡೆಯಬೇಕು.

ಇಲ್ಲಿ ಒಂದು ವಿವೇಕ ಅಗತ್ಯ. ಏಕರೂಪಗೊಳ್ಳಬೇಕಾದುದು ಸಂಕೇತ, ನುಡಿಯಲ್ಲ. ಒಬ್ಬರು ‘ಹಾಲು’ ಎಂದೂ ಇನ್ನೊಬ್ಬರು ‘ಆಲು’ ಎಂದೂ ನುಡಿದರೆ ಎರಡೂ ದಾಖಲಾಗಬೇಕು. ‘ಆಲು’ ಎಂಬುದನ್ನು ದೋಷವೆಂದು ತಿದ್ದುವ ಕ್ರಮವಿಧಿಯು, ಯಾವುದನ್ನು ಉಳಿಸಲು ಸಂಗ್ರಹ ಆರಂಭವಾಯಿತೋ ಅದನ್ನೇ ಅಳಿಸುತ್ತದೆ. ಓಕಾರದ ಎರಡು ಸಂಕೇತರೂಪಗಳು ಯಂತ್ರದ ಭೇದ. ‘ಹಾಲು’, ‘ಆಲು’ ಜನರ ಭೇದ. ಮೊದಲನೆಯದನ್ನು ನಿಯಮದಿಂದ ನಿವಾರಿಸಿದಾಗ ಎರಡನೆಯದು ಅಧ್ಯಯನಕ್ಕೆ ಸ್ಪಷ್ಟವಾಗಿ ಗೋಚರಿಸುತ್ತದೆ.