ಆಷಾಢದಲ್ಲಿ ಖಾಲಿಯಾದ ಜೇನುಪೆಟ್ಟಿಗೆ

ನಿಮ್ಮ ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟು ಹೋದದ್ದಕ್ಕೆ ಯಾರ ದೃಷ್ಟಿಯೂ ಕಾರಣವಲ್ಲ, ಹಸಿವು ಕಾರಣ. ಮೇ ತಿಂಗಳಲ್ಲಿ ಕೆಳಗಿನ ಸಂಸಾರ ಕೋಣೆಯ ತುಪ್ಪವನ್ನೂ ತೆಗೆದೆ ಎಂದು ನೀವೇ ಬರೆದಿದ್ದೀರಿ. ಮೇಲಿನ ಜೇನುಕೋಣೆಯದಷ್ಟೇ ನಮ್ಮ ಪಾಲು. ಕೆಳಗಿನದು ಅವುಗಳ ಮಳೆಗಾಲದ ದಾಸ್ತಾನು. ಮಲೆನಾಡಿನ ಜಡಿಮಳೆಯಲ್ಲಿ ಹಾರಲೂ ಆಗದು, ಹಾರಿದರೂ ಹೂವಿಲ್ಲ.

ಹೊಸ ಕುಟುಂಬವನ್ನು ಮಳೆ ಪೂರ್ತಿ ನಿಂತ ಮೇಲೆ ತನ್ನಿ. ಮುಂದಿನ ಮಳೆಗಾಲದಲ್ಲಿ ಸಕ್ಕರೆಯನ್ನು ಸಮ ಪ್ರಮಾಣದ ಬಿಸಿನೀರಿನಲ್ಲಿ ಕರಗಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಿ. ಹುಳ ಮುಳುಗದಂತೆ ಪಾಕದ ಮೇಲೆ ನಾಲ್ಕು ಕಡ್ಡಿ ತೇಲಿಬಿಡಿ. ಹೊರಗಿಟ್ಟರೆ ಇರುವೆಯ ಜೊತೆ ಬೇರೆ ಗೂಡಿನ ಜೇನೂ ಲೂಟಿಗೆ ಬರುತ್ತದೆ. ಹುಳ ಕೂರದ ಖಾಲಿ ಎರಿಗಳನ್ನು ತೆಗೆಯಿರಿ, ಮೇಣದ ಪತಂಗ ಮೊಟ್ಟೆಯಿಡುವುದು ಅಲ್ಲೇ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇರಲಿ.

ಹೂದೋಟದ ವಿಷಯ: ಡೇರೆ, ಗುಲಾಬಿ ನಿಮ್ಮ ಕಣ್ಣಿಗೆ ಹಬ್ಬ, ಜೇನಿಗೆ ಅಷ್ಟಕ್ಕಷ್ಟೆ. ತುಳಸಿ, ಕಾಮಕಸ್ತೂರಿ, ನುಗ್ಗೆ ಹಾಕಿ. ಅಂಗಳದಂಚಿನ ನಾಚಿಕೆಮುಳ್ಳನ್ನು ಪೂರಾ ಕೀಳಬೇಡಿ (ಬರಿಗಾಲಲ್ಲಿ ಓಡಾಡುವವರು ಬೈದರೂ ಸರಿ), ಅದರ ಪರಾಗ ಮರಿಗಳಿಗೆ ಬೇಕು. ಸೌತೆ ಚಪ್ಪರಕ್ಕೆ ಏನೇ ಸಿಂಪಡಿಸುವುದಿದ್ದರೂ ಸಂಜೆ, ಹಾರಾಟ ನಿಂತ ಮೇಲೆ.